ಫೆರ್ಮಾತಾ ಅಂದರೆ ಬಸ್ ಸ್ಟಾಪು: ಹಾಡುಗಾರರ ಇಟಾಲಿಯನ್ ಮಾತು

(ಸಂಗೀತ ಕಲಿಯುವವರೂ ಕೇಳುವವರೂ ಸೇರಿದ್ದ ಒಂದು ಸಂಜೆ ಆಡಿದ ಮಾತು ಇದು. ಅಲ್ಲಿ ಕೆಲವನ್ನು ಹಾಡಿ ತೋರಿಸಿದ್ದೆ. ಕಾಗದದ ಮೇಲೆ ಹಾಡೋಕಾಗಲ್ಲ, ಅಲ್ವಾ? ಆ ಜಾಗಗಳನ್ನು ಮಾತಿನಲ್ಲೇ ತುಂಬಿಸಿದ್ದೇನೆ.)

ನಮಸ್ಕಾರ. ಮೊದಲು ನನ್ನ ಮರ್ಯಾದೆ ಹೋದ ಒಂದು ಕಥೆ ಹೇಳಿಬಿಡುತ್ತೇನೆ. ಆಮೇಲೆ ವಿಷಯಕ್ಕೆ ಬರೋಣ.

ಚಿಕ್ಕಂದಿನಲ್ಲಿ ನಾನು ಕಲಿತದ್ದು ಸರಳೆ, ಜಂಟಿ, ಅಲಂಕಾರ. ಗೀತೆ ದಾಟಿ ವರ್ಣಕ್ಕೆ ಬರುವ ಹೊತ್ತಿಗೆ ಎಸ್ಸೆಸ್ಸೆಲ್ಸಿ ಬಂತು, ಸಂಗೀತ ನಿಂತಿತು. ಕೆಲಸಕ್ಕೆ ಸೇರಿದ ಮೇಲೆ ಗೆಳೆಯನೊಬ್ಬ ಎಳೆದುಕೊಂಡು ಹೋಗಿ ಒಂದು ಕಾಯಿರ್‌ಗೆ ಸೇರಿಸಿದ. ಪಾಶ್ಚಾತ್ಯ ಸಂಗೀತ ಹಾಡುವ ಗುಂಪು. ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಗಳ ಮೇಲೆ ಸ್ವರ ಬರೆಯುವ ಲಿಪಿ, ಓದೋಕೆ ಆರು ತಿಂಗಳು ಒದ್ದಾಡಿದೆ. ಒಂದು ದಿನ ಪ್ರಾಕ್ಟೀಸಿನಲ್ಲಿ ಕಂಡಕ್ಟರ್ (ಬಸ್ಸಿನವರಲ್ಲ, ಕೈಯಾಡಿಸಿ ಗುಂಪನ್ನು ಹಾಡಿಸುವವರು) ಒಂದು ಉದ್ದನೆಯ ಸ್ವರ ತೋರಿಸಿ, ‘ಇಲ್ಲಿ ಮೆಸ್ಸಾ ದಿ ವೋಚೆ ಬೇಕು’ ಅಂದರು. ನಾನು ಪೆನ್ಸಿಲಿನಲ್ಲಿ ‘ಮೆದ್ಜಾ ವೋಚೆ’ ಎಂದು ಬರೆದುಕೊಂಡೆ. ಕಿವಿಗೆ ಎರಡೂ ಒಂದೇ ಥರ. ಮೆದ್ಜಾ ವೋಚೆ ಅಂದರೆ ಅರ್ಧ ದನಿ, ತಗ್ಗಿಸಿ ಹಾಡು ಅಂತ. ಆ ಜಾಗ ಬಂದಾಗ ಮೂವತ್ತು ಜನ ದನಿ ಉಬ್ಬಿಸಿದರು. ನಾನೊಬ್ಬ ಗುಟ್ಟು ಹೇಳುವವನ ಹಾಗೆ ಪಿಸುಗುಡುತ್ತಿದ್ದೆ. ಕಂಡಕ್ಟರ್ ನಿಲ್ಲಿಸಿ, ನನ್ನ ಕಡೆ ತಿರುಗಿ, ‘ಯಾಕ್ರೀ, ಊಟ ಮಾಡಿಲ್ವಾ?’ ಅಂದರು.

ಅವತ್ತು ರಾತ್ರಿ ಕೂತು ಆ ಎರಡು ಪದಗಳ ಅರ್ಥ ಹುಡುಕಿದೆ. ಅಲ್ಲಿಂದ ಶುರುವಾದ ಚಟ ಇದು. ಹುಡುಕಿದಷ್ಟೂ ಒಂದೇ ವಿಷಯ ಎದುರಾಯಿತು. ನಾವು ದೊಡ್ಡ ಶಾಸ್ತ್ರದ ಪದ ಅಂದುಕೊಂಡಿದ್ದೆಲ್ಲ ಇಟಲಿಯವರಿಗೆ ಮನೆ ಮಾತು. ನಡೆಯೋದು, ಒರಗೋದು, ಕದಿಯೋದು, ಚಿವುಟೋದು. ಅಲ್ಲಿನ ಮಗುವಿಗೂ ಗೊತ್ತಿರೋ ಮಾತು. ಆಲ್ಪ್ಸ್ ಬೆಟ್ಟ ದಾಟಿದ ಮೇಲೆ ಅವು ಗಟ್ಟಿಯಾಗಿ ಪರಿಭಾಷೆ ಆಗಿಬಿಟ್ಟವು. ಹಾಡುವವನು ಆ ಪದವನ್ನು ಮತ್ತೆ ಅದರ ಬೀದಿಗೆ ಕರೆದುಕೊಂಡು ಹೋಗಿ ನೋಡಿದರೆ, ಗಂಟಲಿಗೆ ಏನು ಮಾಡಬೇಕು ಅನ್ನೋದು ಜಾಸ್ತಿ ಬೇಗ ತಿಳಿಯುತ್ತದೆ. ಇಷ್ಟೇ ನಾನು ಹೇಳಬೇಕಾದದ್ದು. ಉಳಿದದ್ದೆಲ್ಲ ಉದಾಹರಣೆ.

ಫೆರ್ಮಾತಾ ತಗೊಳ್ಳಿ. ಸ್ವರದ ಮೇಲೆ ಒಂದು ಸಣ್ಣ ಕಮಾನು, ಅದರೊಳಗೆ ಒಂದು ಚುಕ್ಕಿ. ಈ ಗುರುತು ಇದ್ದರೆ ಆ ಸ್ವರದ ಮೇಲೆ ನಿಲ್ಲಬೇಕು, ಎಣಿಕೆ ಬಿಟ್ಟುಬಿಡಬೇಕು. ಇಟಲಿಗೆ ಹೋದರೆ ಈ ಪದ ಬಸ್ ಸ್ಟಾಪಿನ ಕಂಬದ ಮೇಲೆ ಕಾಣಿಸುತ್ತದೆ. ಫೆರ್ಮಾತಾ ಅಂದರೆ ನಿಲ್ಲೋದು, ಬಸ್ ನಿಲ್ಲುವ ಜಾಗ. ತಮಾಷೆ ಅಂದರೆ ಇಟಲಿಯ ಸಂಗೀತಗಾರರು ತಮ್ಮೊಳಗೆ ಈ ಗುರುತನ್ನು ಸಾಮಾನ್ಯವಾಗಿ ಫೆರ್ಮಾತಾ ಅನ್ನೋದೇ ಇಲ್ಲ. ‘ಕೊರೋನಾ’ ಅನ್ನುತ್ತಾರೆ. ಕಿರೀಟ ಅಂತ ಅರ್ಥ. (ಸಭೆಯಲ್ಲಿ ನಗು.) ನಗಬೇಡಿ, ಆ ಪದ ಕಾಯಿಲೆಗಿಂತ ಹಳೆಯದು. ಸ್ವರದ ತಲೆ ಮೇಲೆ ಕೂತಿರುತ್ತಲ್ಲ, ಅದಕ್ಕೆ ಕಿರೀಟ. ಆದರೆ ನನಗೆ ಬಸ್ ಸ್ಟಾಪೇ ಉಪಯೋಗಕ್ಕೆ ಬಂತು. ಸ್ಟಾಪಿನಲ್ಲಿ ಬಸ್ ನಿಂತಾಗ ಇಂಜಿನ್ ಆಫ್ ಮಾಡಲ್ಲ, ಡ್ರೈವರ್ ಕಾಲು ಬ್ರೇಕಿನ ಮೇಲೇ ಇರುತ್ತದೆ. ಹಾಡಿನಲ್ಲೂ ಹಾಗೇ. ಎಣಿಕೆ ನಿಂತಿದೆ, ಉಸಿರು ನಿಂತಿಲ್ಲ.

ಇದೆಲ್ಲ ಇಟಾಲಿಯನ್ನಿನಲ್ಲೇ ಯಾಕೆ ಅಂತ ಕೇಳಬಹುದು. ಮೊದಲು ಬರೆದವರು ಅವರು ಅನ್ನೋದು ಒಂದು ಕಾರಣ. ಸ್ವರಗಳಿಗೆ ಹೆಸರಿಟ್ಟು ಕಲಿಸುವ ಪದ್ಧತಿಯನ್ನು 11ನೇ ಶತಮಾನದಲ್ಲಿ ರೂಢಿಗೆ ತಂದವನು ಗ್ವೀದೊ, ಅರೆಟ್ಸೊ ಊರಿನ ಸನ್ಯಾಸಿ. ಬಿಡಿ ಅಚ್ಚುಮೊಳೆಗಳಿಂದ ಹಲವು ದನಿಗಳ ಸಂಗೀತವನ್ನು ಅಚ್ಚು ಹಾಕಿದ ಮೊದಲ ಪುಸ್ತಕ 1501ರಲ್ಲಿ ವೆನಿಸ್‌ನಲ್ಲಿ ಬಂತು. ಪೆಟ್ರೂಚ್ಚಿ ಎಂಬವನು ತಂದದ್ದು. 1597ರಲ್ಲಿ ಅದೇ ವೆನಿಸ್‌ನಲ್ಲಿ ಜೊವಾನ್ನಿ ಗಬ್ರಿಯೇಲಿ ಎಲ್ಲಿ ಮೆಲ್ಲಗೆ, ಎಲ್ಲಿ ಜೋರಾಗಿ ಅಂತ ಪುಟದ ಮೇಲೇ ಬರೆದು ಒಂದು ಕೃತಿ ಅಚ್ಚು ಹಾಕಿಸಿದ. ಆಮೇಲೆ ಒಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಹುಟ್ಟಿತು. ಅದೂ ಅಲ್ಲೇ. 1600ರಲ್ಲಿ ಫ್ಲಾರೆನ್ಸಿನ ಒಂದು ರಾಜಮದುವೆಗೆ ‘ಯೂರಿದೀಚೆ’ ಆಡಿದರು, 1607ರಲ್ಲಿ ಮಾಂತುವಾದಲ್ಲಿ ಮೊಂತೆವೆರ್ದಿಯ ‘ಓರ್ಫೆಯೊ’. 1637ರಲ್ಲಿ ವೆನಿಸ್‌ನಲ್ಲಿ ಟಿಕೆಟ್ ಕೊಂಡವರಿಗೆಲ್ಲ ಬಾಗಿಲು ತೆರೆದ ಒಪೆರಾ ಥಿಯೇಟರೇ ಶುರುವಾಯಿತು. ಒಂದು ಸಲ ಟಿಕೆಟ್ ಮಾರಾಟ ಶುರುವಾದ ಮೇಲೆ ಕೇಳಬೇಕೆ? ಇಟಲಿಯ ಹಾಡುಗಾರರನ್ನು ಲಂಡನ್, ವಿಯೆನ್ನಾ, ಮ್ಯಾಡ್ರಿಡ್, ಪೀಟರ್ಸ್‌ಬರ್ಗ್ ಎಲ್ಲ ಕಡೆ ಕರೆಸಿಕೊಂಡರು. ಅಡುಗೆಯವರ ಹಿಂದೆ ಅಡುಗೆಮನೆ ಮಾತೂ ಹೋಗುತ್ತದೆ. ಉಡುಪಿ ಹೋಟೆಲಿನ ಮಾತು ಮುಂಬಯಿಗೆ ಹೋದ ಹಾಗೆ.

ಆ ಅಡುಗೆಮನೆಗೊಂದು ಹೆಸರೂ ಇತ್ತು. ಕನ್ಸರ್ವೇಟರಿ ಅಂದರೆ ಇವತ್ತು ಸಂಗೀತದ ಕಾಲೇಜು. ನೇಪಲ್ಸ್‌ನಲ್ಲಿ 16ನೇ ಶತಮಾನದಲ್ಲಿ ‘ಕೊನ್ಸೆರ್ವಾತೋರಿಯೊ’ ಅಂದರೆ ಅನಾಥಾಲಯ. ಮಕ್ಕಳನ್ನು ‘ಕಾಪಾಡುವ’ ಜಾಗ. ಅಂಥವು ನಾಲ್ಕಿದ್ದವು. ಮಕ್ಕಳಿಗೆ ಹೊಟ್ಟೆಪಾಡಿಗೊಂದು ಕಸುಬು ಬೇಕಲ್ಲ ಅಂತ ಹಾಡು, ವಾದ್ಯ ಕಲಿಸಿದರು. ಆ ಕಸುಬು ಎಷ್ಟು ಚೆನ್ನಾಗಿ ಹತ್ತಿತು ಅಂದರೆ, ಅನಾಥಾಲಯ ಅನ್ನುವ ಅರ್ಥವೇ ಪದದಿಂದ ಉದುರಿಹೋಯಿತು.

ಈಗ ನನ್ನ ಮರ್ಯಾದೆ ತೆಗೆದ ಪದಕ್ಕೆ ಬರುತ್ತೇನೆ. ಇದರ ಹತ್ತಿರ ಸ್ವಲ್ಪ ಹೊತ್ತು ಕೂರೋಣ.

ಮೆಸ್ಸಾ ಅನ್ನೋದು ‘ಇಡು’ ಅನ್ನುವ ಕ್ರಿಯಾಪದದಿಂದ ಬಂದದ್ದು. ಮೆಸ್ಸಾ ದಿ ವೋಚೆ ಅಂದರೆ ದನಿ ಇಡೋದು. ಒಂದೇ ಸ್ವರವನ್ನು ಎಳೆಯಷ್ಟು ಸಣ್ಣದಾಗಿ ಶುರು ಮಾಡಿ, ಮೆಲ್ಲಗೆ ಉಬ್ಬಿಸಿ, ಮತ್ತೆ ಎಳೆಯಷ್ಟಕ್ಕೆ ಇಳಿಸೋದು. ಎಲ್ಲರೂ ಒಮ್ಮೆ ಮಾಡಿ ನೋಡೋಣ. ನಿಮಗೆ ಆರಾಮಾಗಿ ಬರುವ ಒಂದು ಸ್ವರ ತಗೊಳ್ಳಿ. ‘ಆ’ ಅನ್ನಿ, ಪಕ್ಕದವರಿಗೆ ಮಾತ್ರ ಕೇಳುವಷ್ಟು. ಮನಸ್ಸಿನಲ್ಲಿ ನಾಲ್ಕು ಎಣಿಸುತ್ತ ದನಿ ದೊಡ್ಡದು ಮಾಡಿ. ಮತ್ತೆ ನಾಲ್ಕು ಎಣಿಸುತ್ತ ಹೊರಟ ಜಾಗಕ್ಕೇ ಬನ್ನಿ. ಶ್ರುತಿ ಕದಲಬಾರದು. ‘ಆ’ ಹೋಗಿ ‘ಓ’ ಆಗಬಾರದು. ಮಧ್ಯೆ ಉಸಿರು ತಗೊಳ್ಳಬಾರದು. ಅಷ್ಟೇ.

(ಸಭೆಯಲ್ಲಿ ಎಲ್ಲರೂ ಮಾಡಿದರು. ಏರುವಾಗ ಚೆನ್ನಾಗಿತ್ತು. ಇಳಿಯುವಾಗ ಅರ್ಧ ಜನರ ಶ್ರುತಿ ಜಾರಿತು, ಇನ್ನರ್ಧ ಜನರ ಉಸಿರು ಮುಗಿಯಿತು. ವೀಣೆ ಕಲಿಯುವ ಹುಡುಗಿಯೊಬ್ಬಳು ಮಾತ್ರ ಕೊನೆವರೆಗೂ ಹೋದಳು, ಕಣ್ಣು ಮುಚ್ಚಿಕೊಂಡು.)

ನೋಡಿದಿರಾ? ಕಷ್ಟ ಇರೋದು ಇಳಿಯೋದರಲ್ಲಿ. ದನಿ ದೊಡ್ಡದು ಮಾಡಬೇಕಾದರೆ ಶ್ವಾಸಕೋಶದಿಂದ ಬರುವ ಗಾಳಿಯ ಒತ್ತಡ ಹೆಚ್ಚಬೇಕು. ಒತ್ತಡ ಹೆಚ್ಚಿದರೆ ಶ್ರುತಿ ತಾನಾಗಿ ಮೇಲೆ ಹೋಗೋಕೆ ನೋಡುತ್ತದೆ. ಅದು ಹೋಗದ ಹಾಗೆ ಗಂಟಲಿನ ಸಣ್ಣ ಸ್ನಾಯುಗಳು ಹಿಡಿತ ಬದಲಿಸುತ್ತ ಇರಬೇಕು. ಇಳಿಯುವಾಗ ಎಲ್ಲ ತಿರುಗಾಮುರುಗಾ. ಗಾಳಿ ಕಮ್ಮಿ ಮಾಡಬೇಕು, ಆದರೆ ಸ್ವರತಂತುಗಳು ಸಡಿಲ ಆಗಬಾರದು. ಸಡಿಲವಾದರೆ ಗಾಳಿ ಸೋರಿ ದನಿ ಬುಸ್ಸೆನ್ನುತ್ತದೆ. ಹತ್ತು ಸೆಕೆಂಡಿನಲ್ಲಿ ಇಷ್ಟೆಲ್ಲ ನಡೆಯುತ್ತದೆ. ಅದಕ್ಕೇ ಹಳೆಯ ಇಟಾಲಿಯನ್ ಗುರುಗಳು ಇದನ್ನು ಅಲಂಕಾರ ಅನ್ನೋದಕ್ಕಿಂತ ಪರೀಕ್ಷೆ ಅಂತಲೇ ಇಟ್ಟುಕೊಂಡಿದ್ದರು. ದನಿ ಎಲ್ಲಿ ಸೋರುತ್ತದೆ, ಎಲ್ಲಿ ನಡುಗುತ್ತದೆ ಎಲ್ಲ ಬಯಲಾಗಿಬಿಡುತ್ತದೆ.

ಈ ವಿದ್ಯೆಯಲ್ಲಿ ದೊಡ್ಡ ಹೆಸರು ಫರಿನೆಲ್ಲಿ. ನಿಜವಾದ ಹೆಸರು ಕಾರ್ಲೊ ಬ್ರೋಸ್ಕಿ, 1705ರಲ್ಲಿ ಹುಟ್ಟಿದವನು. ಕಸ್ತ್ರಾತೊ. ದನಿ ಒಡೆಯದೆ ಇರಲಿ ಅಂತ ಹುಡುಗನಾಗಿದ್ದಾಗಲೇ ಶಸ್ತ್ರಚಿಕಿತ್ಸೆ ಮಾಡಿಸಿದ ಗಾಯಕರನ್ನು ಹಾಗೆ ಕರೆಯುತ್ತಿದ್ದರು. ಆ ಕ್ರೌರ್ಯದ ಬಗ್ಗೆ ಮಾತಾಡೋಕೆ ಇನ್ನೊಂದು ಸಂಜೆ ಬೇಕು. ಅವನು 1734ರಲ್ಲಿ ಲಂಡನ್ನಿನಲ್ಲಿ ಹಾಡಿದ್ದನ್ನು ಚಾರ್ಲ್ಸ್ ಬರ್ನಿ ಎಂಬ ಸಂಗೀತ ಇತಿಹಾಸಕಾರ ಆಮೇಲೆ ಬರೆದಿಟ್ಟಿದ್ದಾನೆ. ಮೊದಲ ಸ್ವರವನ್ನು ಅತಿ ನಾಜೂಕಾಗಿ ಎತ್ತಿಕೊಂಡು, ಇಷ್ಟಿಷ್ಟೇ ಬೆಳೆಸಿ, ಮತ್ತೆ ಚುಕ್ಕಿಯಷ್ಟಕ್ಕೆ ತಂದನಂತೆ. ಜನ ಐದು ನಿಮಿಷ ಚಪ್ಪಾಳೆ ತಟ್ಟಿದರಂತೆ. ಹಾಡು ಇನ್ನೂ ಶುರುವೇ ಆಗಿಲ್ಲ! ಮೂರು ವರ್ಷ ಆದಮೇಲೆ ಅವನು ಸ್ಪೇನಿಗೆ ಹೋದ. ಅಲ್ಲಿನ ರಾಜ ಐದನೇ ಫಿಲಿಪ್ಪನಿಗೆ ಮನಸ್ಸಿನ ಕಾಯಿಲೆ. ಅವನಿಗೋಸ್ಕರ ಅರಮನೆಯಲ್ಲಿ ಹಾಡಿಕೊಂಡು ಉಳಿದುಬಿಟ್ಟ, ಮತ್ತೆ ಟಿಕೆಟ್ ಇಟ್ಟ ಸಭೆಗಳಲ್ಲಿ ಹಾಡಲಿಲ್ಲ.

ಮೆಸ್ಸಾ ದಿ ವೋಚೆಗೆ ಬೇಕಾದ ಉಸಿರಿನ ಹಿಡಿತಕ್ಕೆ ಅವರ ಮಾತು ‘ಅಪ್ಪೋಜ್ಜೊ’. ಇಂಗ್ಲಿಷ್ ಪುಸ್ತಕಗಳಲ್ಲಿ ಇದನ್ನು ಸಪೋರ್ಟ್ ಅನ್ನುತ್ತಾರೆ. ಅದನ್ನು ಓದಿಕೊಂಡು ನಾನು ವರ್ಷಗಟ್ಟಲೆ ಹೊಟ್ಟೆ ಬಿಗಿ ಹಿಡಿದು, ತೂಕ ಎತ್ತುವವನ ಥರ ಹಾಡಿದೆ. ಕುತ್ತಿಗೆ ನರ ಉಬ್ಬಿದ್ದಷ್ಟೇ ಲಾಭ. ಅಪ್ಪೋಜ್ಜೊ ಅಂದರೆ ಒರಗೋದು. ಇಟಲಿಯಲ್ಲಿ ಛತ್ರಿಯನ್ನು ಗೋಡೆಗೆ ಒರಗಿಸೋಕೂ ಅದೇ ಕ್ರಿಯಾಪದ. ಗೋಡೆಗೆ ಒರಗಿ ನಿಂತವನು ಗೋಡೆಯನ್ನು ತಳ್ಳುತ್ತಾನಾ? ಇಲ್ಲ. ತನ್ನ ಭಾರ ಬಿಟ್ಟಿರುತ್ತಾನೆ, ಆದರೆ ಬೀಳುತ್ತಿಲ್ಲ. ಉಸಿರು ಒಳಗೆ ಎಳೆದುಕೊಂಡಾಗ ಪಕ್ಕೆಲುಬು ಅಗಲ ಆಗಿರುತ್ತಲ್ಲ, ಹಾಡುವಾಗ ಅದನ್ನು ತಕ್ಷಣ ಕುಸಿಯೋಕೆ ಬಿಡಬಾರದು. ಒಳಗೆಳೆಯುವ ಸ್ನಾಯುಗಳೂ ಹೊರದೂಡುವ ಸ್ನಾಯುಗಳೂ ಹಗ್ಗಜಗ್ಗಾಟ ಆಡುತ್ತಿರಬೇಕು. 19ನೇ ಶತಮಾನದ ಗುರು ಫ್ರಾಂಚೆಸ್ಕೊ ಲಾಂಪೆರ್ತಿ ಇದನ್ನು ದನಿಯ ಕುಸ್ತಿ ಅಂತಲೇ ಕರೆದ. ಆ ಕುಸ್ತಿ ಎದೆಗೂಡಿನಲ್ಲಿ ನಡೆಯಬೇಕು, ಗಂಟಲಿಗೆ ಅದರ ಸುದ್ದಿಯೂ ಗೊತ್ತಾಗಬಾರದು. ‘ಒರಗು’ ಅನ್ನುವ ಮಾತು ಸಿಕ್ಕಿದ ಮೇಲೆ ನನ್ನ ಭುಜ ತಾನಾಗಿ ಇಳಿಯಿತು.

ದನಿಯ ಜಾತಿಗಳ ಹೆಸರು ಬೇಗ ಮುಗಿಸುತ್ತೇನೆ. ಸೊಪ್ರಾನೊ ಅಂದರೆ ಮೇಲಿನದು. ಬಾಸ್ಸೊ ಅಂದರೆ ಕೆಳಗಿನದು, ಕುಳ್ಳನಿಗೂ ಅದೇ ಪದ. ಟೆನರ್ ಅಂದರೆ ಗಂಡಸರ ಮೇಲಿನ ದನಿ, ಪದದ ಮೂಲ ‘ಹಿಡಿ’. ಹಳೆಯ ಚರ್ಚ್ ಸಂಗೀತದಲ್ಲಿ ಮೂಲ ರಾಗವನ್ನು ಉದ್ದುದ್ದ ಸ್ವರದಲ್ಲಿ ಹಿಡಿದಿಟ್ಟುಕೊಳ್ಳುವ ಕೆಲಸ ಅವನದು. ಉಳಿದವರು ಅದರ ಸುತ್ತ ಆಡಿಕೊಳ್ಳುತ್ತಿದ್ದರು. ಈಗಿನ ಟೆನರ್‌ಗಳ ಗತ್ತು ನೋಡಿದರೆ ಅಂಥ ಕಂಬದ ಕೆಲಸ ಮಾಡುತ್ತಿದ್ದವನು ಅಂತ ನಂಬೋದು ಕಷ್ಟ. ಫಾಲ್ಸೆತ್ತೊ ಅಂದರೆ ಪುಟ್ಟ ಸುಳ್ಳು. ನಾವು ಕಳ್ಳ ದನಿ ಅನ್ನುತ್ತೇವಲ್ಲ, ಹಾಗೆ. ಗಂಡಸಿನ ತೆಳು ಮೇಲ್ದನಿಗೆ ಎರಡು ದೂರದ ಊರುಗಳಲ್ಲಿ ಒಂದೇ ಥರದ ಗುಮಾನಿ!

ಈ ಗುಮಾನಿಯ ಹಿಂದೆ ಒಂದು ಜಗಳ ಇದೆ. ಇಟಲಿಯವರು ದನಿಯನ್ನು ‘ಎದೆ ದನಿ’, ‘ತಲೆ ದನಿ’ ಅಂತ ವಿಂಗಡಿಸುತ್ತಿದ್ದರು. ನಿಜವಾಗಿ ದನಿ ಹುಟ್ಟೋದು ಗಂಟಲಲ್ಲೇ. ನಡುಕ ಎಲ್ಲಿ ಗೊತ್ತಾಗುತ್ತದೋ ಅಲ್ಲಿಯ ಹೆಸರು ಅಷ್ಟೇ. ಒಂದರಿಂದ ಇನ್ನೊಂದಕ್ಕೆ ದಾಟುವ ಜಾಗ ‘ಪಸ್ಸಾಜ್ಜೊ’. ಹಾಗೆಂದರೆ ಓಣಿ, ದಾರಿ. ಗಂಡಸರು ತೀರ ಮೇಲಿನ ಸ್ವರಗಳನ್ನು ತಲೆ ದನಿಯಲ್ಲಿ ಹಗುರವಾಗಿ ಹಾಡೋದು ರೂಢಿ. 1837ರಲ್ಲಿ ಜಿಲ್ಬೆರ್ ದ್ಯುಪ್ರೆ ಎಂಬ ಟೆನರ್ ಪ್ಯಾರಿಸ್ಸಿನ ರಂಗದ ಮೇಲೆ ರೊಸ್ಸೀನಿ ಬರೆದ ‘ವಿಲಿಯಂ ಟೆಲ್’ ಒಪೆರಾ ಹಾಡುತ್ತ ಮೇಲಿನ ‘ದೊ’ ಸ್ವರವನ್ನು ಎದೆ ದನಿಯಲ್ಲೇ ಗುಡುಗಿಬಿಟ್ಟ. ಜನ ಹುಚ್ಚೆದ್ದರು. ರೊಸ್ಸೀನಿಗೆ ಮಾತ್ರ ಸುತರಾಂ ಹಿಡಿಸಲಿಲ್ಲ. ಕತ್ತು ಕೊಯ್ಯುವಾಗ ಹುಂಜ ಕಿರಿಚಿದ ಹಾಗಿದೆ ಅಂದನಂತೆ. ಆದರೆ ಜನರ ಚಪ್ಪಾಳೆ ಗೆದ್ದಿತು. ಅಲ್ಲಿಂದ ಮುಂದೆ ಟೆನರ್ ಅಂದರೆ ಎದೆಯಿಂದ ಗುಡುಗುವವನು ಅಂತಾಯಿತು. ನನ್ನನ್ನು ಕೇಳಿದರೆ ರೊಸ್ಸೀನಿ ಕಡೆಗೇ ನನ್ನ ಓಟು. ಸಭೆಯಲ್ಲಿ ಕೂತಾಗ ಮಾತ್ರ ನಾನೂ ಗುಡುಗಿಗೇ ಚಪ್ಪಾಳೆ ತಟ್ಟುತ್ತೇನೆ.

ಅಷ್ಟರವರೆಗೆ ಯಾರೂ ಹಾಡುವ ಗಂಟಲಿನ ಒಳಗೆ ಕಣ್ಣಿಟ್ಟು ನೋಡಿರಲಿಲ್ಲ ಅನ್ನಬಹುದು. 1854ರಲ್ಲಿ ಮಾನ್ವೆಲ್ ಗಾರ್ಸಿಯಾ ಎಂಬ ಹಾಡಿನ ಮೇಷ್ಟ್ರು ಹಲ್ಲಿನ ವೈದ್ಯರ ಪುಟ್ಟ ಕನ್ನಡಿಯೊಂದನ್ನು ಬಾಯೊಳಗೆ ಇಟ್ಟುಕೊಂಡರು. ಇನ್ನೊಂದು ಕೈಗನ್ನಡಿಯಿಂದ ಬಿಸಿಲನ್ನು ಅದರ ಮೇಲೆ ಬಿಟ್ಟು, ತಮ್ಮದೇ ಸ್ವರತಂತು ತೆರೆದು ಮುಚ್ಚೋದನ್ನು ಕಂಡರು. ಇವತ್ತಿನ ಕಿವಿ ಮೂಗು ಗಂಟಲು ವೈದ್ಯರ ಕನ್ನಡಿಯ ಕಥೆ ಅಲ್ಲಿಂದ ಬೆಳೆದದ್ದು. ಹಾಡು ಹೇಳಿಕೊಡುವವನೊಬ್ಬ ವೈದ್ಯರಿಗೆ ಸಲಕರಣೆ ಕೊಟ್ಟ. ಅವರು ನೂರು ದಾಟಿ ಬದುಕಿದರು, 1906ರವರೆಗೆ.

ಇನ್ನೊಂದು ಪದ ನನಗೆ ತುಂಬ ಇಷ್ಟ, ‘ಸ್ಕ್ವಿಲ್ಲೊ’. ಗಂಟೆಯ ಠಣ್ ಅನ್ನುವ ಸದ್ದು, ಫೋನಿನ ರಿಂಗು. ಇಟಲಿಯಲ್ಲಿ ‘ಒಂದು ಸ್ಕ್ವಿಲ್ಲೊ ಕೊಡು’ ಅಂದರೆ ಮಿಸ್ಡ್ ಕಾಲ್ ಕೊಡು ಅಂತ. ಹಾಡುಗಾರನ ದನಿಯಲ್ಲಿ ಸ್ಕ್ವಿಲ್ಲೊ ಇದೆ ಅಂದರೆ, ಮೈಕ್ ಇಲ್ಲದೆ ದೊಡ್ಡ ವಾದ್ಯಮೇಳವನ್ನು ಸೀಳಿಕೊಂಡು ಹಿಂದಿನ ಸಾಲಿಗೂ ಕೇಳುವ ಒಂದು ಮಿನುಗು ಇದೆ ಅಂತ. ಇದು ಬರೀ ಹೊಗಳಿಕೆ ಅಲ್ಲ. ಸ್ವೀಡನ್ನಿನ ವಿಜ್ಞಾನಿ ಯೂಹಾನ್ ಸುಂಡ್‌ಬೆರಿ ಅಳೆದು ತೋರಿಸಿದರು. ಮೇಳದ ಸದ್ದಿನ ಹೆಚ್ಚಿನ ಬಲ ಸುಮಾರು 500 ಹರ್ಟ್ಸ್ (ಸೆಕೆಂಡಿಗೆ 500 ಕಂಪನ) ಆಸುಪಾಸಿನಲ್ಲಿ ಇರುತ್ತದೆ. ಅಲ್ಲಿಂದ ಮೇಲಕ್ಕೆ ಹೋದ ಹಾಗೆ ಕುಗ್ಗುತ್ತದೆ. ಪಳಗಿದ ಒಪೆರಾ ಗಾಯಕನ ದನಿಯಲ್ಲಿ 3000 ಹರ್ಟ್ಸ್ ಸುತ್ತ ಒಂದು ಗುಡ್ಡ ಏಳುತ್ತದೆ. ಮೇಳ ಖಾಲಿ ಬಿಟ್ಟಿರುವ ಜಾಗದಲ್ಲಿ ಅವನು ಸುಮ್ನೆ ತೂರಿಕೊಳ್ಳುತ್ತಾನೆ. ಮೇಳಕ್ಕಿಂತ ಜೋರಾಗಿ ಕಿರಿಚಬೇಕಾಗಿಲ್ಲ. ನಮ್ಮ ಹಳೆಯ ಯಕ್ಷಗಾನದ ಭಾಗವತರೂ ಮೈಕ್ ಇಲ್ಲದ ಕಾಲದಲ್ಲಿ ಚೆಂಡೆ ಸದ್ದಿನ ಮೇಲೆ ಬಯಲಿಗೆಲ್ಲ ಕೇಳುವ ಹಾಗೆ ಹಾಡಿದವರೇ.

ಗತಿಯ ಪದಗಳಲ್ಲಿ ಗೊಂದಲ ಜಾಸ್ತಿ. ಅಲ್ಲೆಗ್ರೊ ಅಂದರೆ ಖುಷಿ. ಒಂದೆರಡು ಪೆಗ್ ಏರಿಸಿದವನಿಗೂ ಇಟಲಿಯವರು ಅಲ್ಲೆಗ್ರೊ ಅಂತಾರೆ. ಅದಾಜೊ ಅಂದರೆ ಆರಾಮಾಗಿ. ಲಾರ್ಗೊ ಅಂದರೆ ಅಗಲ, ರಸ್ತೆ ಅಗಲ ಅಂತೀವಲ್ಲ ಅದು. ಅಂದಾಂತೆ ಅಂದರೆ ನಡೆಯುತ್ತ. ಇವುಗಳಲ್ಲಿ ವೇಗದ ಲೆಕ್ಕ ಎಲ್ಲಿದೆ? ಇಲ್ಲವೇ ಇಲ್ಲ. ಇರೋದು ಮೈಯ ಸ್ಥಿತಿ. ನಡೆಯುತ್ತ ಅಂದರೆ ಲಾಲ್‌ಬಾಗಿನಲ್ಲಿ ಬೆಳಿಗ್ಗೆ ಬೆವರು ಸುರಿಸುವವರ ನಡಿಗೆಯೋ, ಊಟ ಆದಮೇಲೆ ಬೀದಿ ಕೊನೆಗೆ ಹೋಗಿ ಎಲೆ ಅಡಿಕೆ ತರುವ ನಡಿಗೆಯೋ? ಹಾಡೇ ಹೇಳಬೇಕು.

‘ಅಂದಾಂತಿನೊ’ ಅಂತ ಇನ್ನೊಂದಿದೆ, ಪುಟ್ಟ ಅಂದಾಂತೆ. ಪುಟ್ಟ ನಡಿಗೆ ಅಂದರೆ ನಿಧಾನವೋ ಚುರುಕೋ? ಬೀಥೋವನ್‌ಗೇ ಅನುಮಾನ ಬಂದು, 1813ರಲ್ಲಿ ಎಡಿನ್‌ಬರೋದ ಪ್ರಕಾಶಕನಿಗೆ ಪತ್ರ ಬರೆದು ಕೇಳಿದ್ದ. 1817ರಲ್ಲಂತೂ ತಾಳ್ಮೆ ಕೆಟ್ಟು, ಅಲ್ಲೆಗ್ರೊ ಅಂದರೆ ಖುಷಿ ಅಂತ, ಹಾಡಿನ ಭಾವ ಅದಕ್ಕೆ ತದ್ವಿರುದ್ಧ ಇದ್ದರೂ ಅದನ್ನೇ ಬರೀತೀವಿ, ಇದೆಂಥ ಅಸಂಬದ್ಧ ಎಂಬರ್ಥದ ಕಾಗದ ಬರೆದ. ಆಗ ಮೆಟ್ರೊನೋಮ್ ಹೊಸದಾಗಿ ಬಂದಿತ್ತು. ನಿಮಿಷಕ್ಕೆ ಇಷ್ಟು ಬಡಿತ ಅಂತ ಟಿಕ್ ಟಿಕ್ ಅನ್ನುವ ಯಂತ್ರ. ಇನ್ನು ಈ ಪದಗಳೇ ಬೇಡ ಅನ್ನುವ ಉತ್ಸಾಹ ಅವನಿಗೆ. ಆಮೇಲೆ ಏನಾಯಿತು? 1824ರ ಒಂಬತ್ತನೇ ಸಿಂಫನಿ ತೆರೆದರೆ ಮೊದಲ ಪುಟದಲ್ಲೇ ‘ಅಲ್ಲೆಗ್ರೊ ಮಾ ನೊನ್ ತ್ರೊಪ್ಪೊ’ ಇದೆ. ಖುಷಿಯಾಗಿ, ಆದರೆ ಅತಿ ಬೇಡ. ಜತೆಗೆ ಮೆಟ್ರೊನೋಮ್ ಅಂಕಿಯೂ ಇದೆ. ಅಂಕಿ ಬಂದರೂ ಮಾತು ಹೋಗಲಿಲ್ಲ. ಡಾಕ್ಟರು ಥರ್ಮಾಮೀಟರ್ ನೋಡಿದ ಮೇಲೂ ‘ಹೇಗಿದ್ದೀರಿ’ ಅಂತ ಕೇಳ್ತಾರಲ್ಲ, ಅದೇ.

ಇಟಾಲಿಯನ್ ಪದಗಳನ್ನೇ ಓಡಿಸಬೇಕು ಅಂತ ಹೊರಟವರೂ ಇದ್ದರು. ಫ್ರೆಂಚರು, ಜರ್ಮನರು ತಮ್ಮ ತಮ್ಮ ಭಾಷೆಯಲ್ಲಿ ಬರೆದರು. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಪರ್ಸಿ ಗ್ರೇಂಜರ್ ಕ್ರೆಶೆಂದೊ ಅನ್ನೋ ಬದಲು, ಸಂತೆಯಲ್ಲಿ ನಿಂತು ಹೇಳಿದ ಹಾಗೆ, ‘ಸದ್ದು ಬಹಳ ಏರಿಸಿ’ ಅಂತ ಅಪ್ಪಟ ಇಂಗ್ಲಿಷಿನಲ್ಲಿ ಬರೆದ. ನಮ್ಮ ಅಚ್ಚಗನ್ನಡದ ಗೆಳೆಯರು ನೆನಪಾಗುತ್ತಾರೆ. ಇನ್ನೊಂದು ಕಡೆ, ಇಟಾಲಿಯನ್ ಅಲ್ಲದ್ದಕ್ಕೂ ಇಟಾಲಿಯನ್ ವೇಷ ಹಾಕಿದವರಿದ್ದಾರೆ. ಸ್ವರಗಳ ಮೇಲೆ ಜಾರುವ ‘ಗ್ಲಿಸ್ಸಾಂದೊ’ ಅಂಥದ್ದು. ಫ್ರೆಂಚಿನ ‘ಜಾರು’ ಪದಕ್ಕೆ ಇಟಾಲಿಯನ್ ಬಾಲ. ನಾವು ‘ಡೌನ್‌ಲೋಡಿಸು’ ಅಂದ ಹಾಗೆ.

ಮೈಸೂರಿಗೂ ಇದರಲ್ಲಿ ಒಂದು ಎಳೆ ಇದೆ. ಜಯಚಾಮರಾಜ ಒಡೆಯರ್ ಪಿಯಾನೊ ಕಲಿತವರು, ಲಂಡನ್ನಿನ ಸಂಗೀತ ಪರೀಕ್ಷೆಗಳಲ್ಲಿ ಪಾಸಾದವರು. 1940ರ ದಶಕದ ಕೊನೆಗೆ ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯಾದ ನಿಕೊಲಾಯ್ ಮೆಟ್ನರ್‌ನ ಸಂಗೀತ ರೆಕಾರ್ಡ್ ಮಾಡಿಸೋಕೆ ಹಣ ಕೊಟ್ಟರು. ಮೆಟ್ನರ್ ತನ್ನ ಮೂರನೇ ಪಿಯಾನೊ ಕನ್ಸರ್ಟೊವನ್ನು ಮಹಾರಾಜರಿಗೇ ಅರ್ಪಿಸಿದ. ಅವನ ಕೃತಿಗಳ ಹೆಸರು ನೋಡಿ: ‘ದಾಂಜಾ ಫೆಸ್ತೀವಾ’, ‘ಸೊನಾತಾ ರೆಮಿನಿಶೆಂಜಾ’. ಬರೆದವನು ರಷ್ಯಾದವನು, ಇದ್ದದ್ದು ಲಂಡನ್ನಿನಲ್ಲಿ, ದುಡ್ಡು ಮೈಸೂರಿನದು, ಹೆಸರು ಮಾತ್ರ ಇಟಾಲಿಯನ್.

ಪಿಯಾನೊ ಅಂದೆನಲ್ಲ. ಪಿಯಾನೊ ಅಂದರೆ ಮೆಲ್ಲಗೆ. ಇಟಲಿಯ ಲಿಫ್ಟಿನಲ್ಲಿ ಮಹಡಿಗೂ ಅದೇ ಪದ. ಸುಮಾರು 1700ರ ಹೊತ್ತಿಗೆ ಫ್ಲಾರೆನ್ಸಿನಲ್ಲಿ ಬಾರ್ತೊಲೊಮೆಯೊ ಕ್ರಿಸ್ತೊಫೊರಿ ಒಂದು ಹೊಸ ವಾದ್ಯ ಮಾಡಿದ. ಹಳೆಯ ಹಾರ್ಪ್ಸಿಕಾರ್ಡಿನಲ್ಲಿ ಬೆರಳು ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ಹೆಚ್ಚುಕಮ್ಮಿ ಒಂದೇ ಸದ್ದು. ಇದರಲ್ಲಿ ತಂತಿಗೆ ಸುತ್ತಿಗೆ ಬಡಿಯುತ್ತದೆ, ಬೆರಳಿಟ್ಟ ಹಾಗೆ ದನಿ. ಅದಕ್ಕೇ ‘ಮೆಲ್ಲಗೂ ಜೋರೂ ಬರುವ ಹಾರ್ಪ್ಸಿಕಾರ್ಡು’ ಅಂತ ಉದ್ದನೆ ಹೆಸರು. ಜನರ ಬಾಯಲ್ಲಿ ಸವೆದು ಸವೆದು ‘ಮೆಲ್ಲಗೆ’ ಅಷ್ಟೇ ಉಳಿಯಿತು. ಅವನು ಮಾಡಿದ ಮೂರು ಪಿಯಾನೊ ಇವತ್ತಿಗೂ ಇವೆ. ಒಂದು ನ್ಯೂಯಾರ್ಕಿನಲ್ಲಿ, ಒಂದು ರೋಮ್‌ನಲ್ಲಿ, ಒಂದು ಲೈಪ್ಜಿಗ್‌ನಲ್ಲಿ.

ಕೊನೆಗೆ ವೆರ್ದಿ, ಇಟಲಿಯಲ್ಲಿ ಒಪೆರಾ ಬರೆದವನು. ಸಾಲಿನ ಮೇಲೆ ಎರಡು ಪದ ಬರೆದು ಹಾಡುಗಾರರ ಜೀವ ಹಿಂಡಿದ ಮನುಷ್ಯ. ‘ಮ್ಯಾಕ್‌ಬೆತ್’ 1847ರಲ್ಲಿ ಫ್ಲಾರೆನ್ಸಿನಲ್ಲಿ ಮೊದಲು ಆಡಿದ್ದು. ಕೊಲೆ ಆದ ರಾತ್ರಿ ಗಂಡ ಹೆಂಡತಿ ಹಾಡುವ ಜೋಡಿಹಾಡಿಗೆ ಅವನು ‘ಸೊತ್ತೊ ವೋಚೆ’ ಅಂತ ಬರೆದ. ದನಿಯ ಅಡಿಯಲ್ಲಿ, ಅಂದರೆ ದನಿ ಎತ್ತದೆ. ಮೊದಲ ಲೇಡಿ ಮ್ಯಾಕ್‌ಬೆತ್ ಮರಿಯಾನ್ನಾ ಬಾರ್ಬಿಯೇರಿ ನೀನಿ. ಆ ಒಂದು ಹಾಡನ್ನು 150ಕ್ಕೂ ಹೆಚ್ಚು ಸಲ ಪ್ರಾಕ್ಟೀಸ್ ಮಾಡಿಸಿದ ಅಂತ ಆಕೆ ಆಮೇಲೆ ನೆನೆಸಿಕೊಂಡಿದ್ದಾಳೆ. ಹಾಡಿದ ಹಾಗಿರಬಾರದು, ಮಾತಾಡಿದ ಹಾಗಿರಬೇಕು ಅನ್ನೋದು ಅವನ ಹಟ. ಮರುವರ್ಷ ನೇಪಲ್ಸ್‌ನಲ್ಲಿ ಬೇರೊಬ್ಬ ಹೆಸರಾಂತ ಗಾಯಕಿಗೆ ಆ ಪಾತ್ರ ಕೊಡುತ್ತಾರೆ ಅಂತ ಕೇಳಿ ವೆರ್ದಿ ಕಾಗದ ಬರೆದ. ಆಕೆ ತುಂಬ ಚೆನ್ನಾಗಿ ಹಾಡುತ್ತಾಳೆ, ಅದೇ ತೊಂದರೆ, ನನಗೆ ಬೇಕಾದದ್ದು ಒರಟಾದ, ಉಸಿರು ಕಟ್ಟಿದ, ಕತ್ತಲು ಕವಿದ ದನಿ ಅಂತ. ಎರಡು ಶತಮಾನ ದನಿ ಚೆಂದ ಮಾಡೋದನ್ನೇ ಕಲಿಸಿದ ದೇಶದಲ್ಲಿ ಕುಳಿತು ಹೀಗೆ ಬರೆಯೋದಕ್ಕೆ ಧೈರ್ಯ ಬೇಕು.

ಅವನದೇ ಇನ್ನೊಂದು ಒಪೆರಾ ‘ಐದಾ’ದಲ್ಲಿ ಇನ್ನೂ ಕಷ್ಟ. ಮೊದಲ ಅಂಕದ ಶುರುವಿನಲ್ಲೇ ಟೆನರ್‌ಗೆ ಒಂದು ದೊಡ್ಡ ಹಾಡು. ಕೊನೆಯ ಸ್ವರ ತೀರ ಮೇಲೆ. ಅಲ್ಲಿ ವೆರ್ದಿ ಬರೆದದ್ದು ‘ಪಿಯಾನಿಸ್ಸಿಮೊ, ಮೊರೆಂದೊ’. ಬಹಳ ಮೆಲ್ಲಗೆ, ಸಾಯುತ್ತ. ನೀವು ಈಗ ತಾನೇ ಮಾಡಿದ ಮೆಸ್ಸಾ ದಿ ವೋಚೆಯ ಇಳಿಜಾರು ಇದೆಯಲ್ಲ, ಅದನ್ನು ದನಿಯ ಮಾಳಿಗೆ ಮೇಲೆ ನಿಂತು ಮಾಡಬೇಕು. ಹೆಚ್ಚಿನವರು ಮಾಡಲ್ಲ. ಎದೆ ತುಂಬ ಗುಡುಗಿ ಮುಗಿಸುತ್ತಾರೆ. ವೆರ್ದಿಗೂ ಇದು ಗೊತ್ತಾಯಿತು. ಒಬ್ಬ ಟೆನರ್‌ಗೆ ಅವನೇ ದಾರಿ ಹೇಳಿಕೊಟ್ಟ. ಮೇಲಿನ ಸ್ವರ ಜೋರಾಗಿಯೇ ಹಾಡಿಬಿಡು, ಆಮೇಲೆ ಅದೇ ಕೊನೆಯ ಮಾತನ್ನು ಕೆಳಗಿನ ಸ್ಥಾಯಿಯಲ್ಲಿ ಮೆಲ್ಲಗೆ ಇನ್ನೊಮ್ಮೆ ಹೇಳು ಅಂತ. (ಇಲ್ಲಿ ಮೂರು ಟೆನರ್‌ಗಳ ರೆಕಾರ್ಡಿಂಗ್ ಹಾಕಿದೆ. ಗುಡುಗಿದವರಿಗೇ ಸಭೆಯಲ್ಲಿ ಜಾಸ್ತಿ ಚಪ್ಪಾಳೆ ಬಿತ್ತು. ನಾನೇನೂ ಮಾತಾಡಲಿಲ್ಲ.)

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಹಿರಿಯರೊಬ್ಬರು, ‘ನಮ್ಮಲ್ಲಿ ಭಲೇ, ಶಭಾಷ್ ಅಂತೀವಿ. ಅವರು ಬ್ರಾವೊ ಅಂತಾರಲ್ಲ, ಅದನ್ನ ಯಾರಿಗೆ ಬೇಕಾದರೂ ಅನ್ನಬಹುದಾ?’ ಅಂದರು. ಅನ್ನೋಕೆ ಯಾರೂ ಬೇಡ ಅನ್ನಲ್ಲ ಸರ್, ಆದರೆ ಇಟಲಿಯಲ್ಲಿ ಲಿಂಗ ವಚನ ನೋಡಬೇಕು ಅಂದೆ. ಹಾಡಿದವನು ಗಂಡಸಾದರೆ ಬ್ರಾವೊ. ಹೆಂಗಸಾದರೆ ಬ್ರಾವಾ. ಹಲವರು ಹೆಂಗಸರಾದರೆ ಬ್ರಾವೆ. ಹಲವರು ಗಂಡಸರಾದರೆ ಬ್ರಾವಿ. ‘ಇಬ್ಬರೂ ಬೆರೆತಿದ್ದರೆ?’ ಆಗಲೂ ಬ್ರಾವಿ. ಇಪ್ಪತ್ತು ಹೆಂಗಸರ ನಡುವೆ ಒಬ್ಬ ಗಂಡಸು ನಿಂತಿದ್ದರೂ ಬ್ರಾವಿಯೇ.

ಹಿಂದಿನ ಸಾಲಿನಿಂದ ಒಬ್ಬ ಅಮ್ಮ, ‘ಅಯ್ಯೋ, ಅಲ್ಲೂ ಇದೇ ಕಥೇನಾ!’ ಅಂದರು. ಆ ಸಂಜೆಯ ದೊಡ್ಡ ಚಪ್ಪಾಳೆ ಅವರಿಗೆ ಬಿತ್ತು.